ಐದು ಲಕ್ಷದ ಕಾರ್ಡು, ಐನೂರು ರೂಪಾಯಿಯ ಚೀಟಿ

ಕಳೆದ ಹುಣ್ಣಿಮೆಯ ಮರುದಿನ ಭಕ್ತರ ಅಹವಾಲುಗಳನ್ನು ಆಲಿಸುತ್ತಿದ್ದಾಗ ಮೆಕ್ಕೆಜೋಳದ ಸೀಮೆಯ ರೈತ ದಂಪತಿಗಳು ನಮ್ಮ ಮುಂದೆ ಬಂದು ಕುಳಿತರು. ಗಂಡನಿಗೆ ಅರವತ್ತು ದಾಟಿದೆ. ಏಳು ತಿಂಗಳ ಹಿಂದೆ ಹೊಲದಲ್ಲಿ ಎದೆನೋವು ಕಾಣಿಸಿಕೊಂಡು, ಅದೇ ರಾತ್ರಿ ನಗರದ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿದ್ದರು. ಹೆಂಡತಿಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಸರ್ಕಾರದ ಆರೋಗ್ಯ ಕಾರ್ಡು ಮತ್ತು ಬಿಡುಗಡೆಯ ದಿನ ಆಸ್ಪತ್ರೆಯವರು ಕೊಟ್ಟ ನಾಲ್ಕು ಹಾಳೆಗಳು. ಇನ್ನೊಂದರಲ್ಲಿ ಔಷಧದ ಅಂಗಡಿಯ ರಸೀದಿಗಳು, ರಕ್ತಪರೀಕ್ಷೆಯ ವರದಿಗಳು, ವೈದ್ಯರ ಚೀಟಿಗಳು, ಬಸ್ಸಿನ ಟಿಕೆಟ್ಟುಗಳು. ಎಲ್ಲವನ್ನೂ ದಾರ ಸುತ್ತಿ ಕಟ್ಟಿದ ದಪ್ಪನೆಯ ಕಂತೆ.

"ಬುದ್ಧೀ, ಆಪರೇಷನ್ನಿಗೆ ಒಂದು ಪೈಸೆನೂ ಕೇಳಲಿಲ್ಲ. ಸರ್ಕಾರದ ಕಾರ್ಡು ಜೀವ ಉಳಿಸ್ತು. ಆದ್ರೆ ಆಮೇಲಿಂದು ನಮ್ಮ ಕೈ ಮೀರೈತೆ" ಎಂದರು ಗಂಡ. ಪ್ರತಿ ಬಾರಿ ಆಸ್ಪತ್ರೆಗೆ ಹೋದಾಗಲೂ ಐನೂರು ರೂಪಾಯಿಗೆ ಕಡಿಮೆಯಿಲ್ಲದ ಒಂದು ಚೀಟಿ, ಅದರ ಹಿಂದೆ ಮಾತ್ರೆಯ ಖರ್ಚು, ಪರೀಕ್ಷೆಯ ಖರ್ಚು, ಒಂದು ದಿನದ ಕೂಲಿ ನಷ್ಟ. "ಐದು ಲಕ್ಷ ಐತೆ ಅಂತ ಹೇಳಿದ್ರಲ್ಲ ಬುದ್ಧೀ, ಅದ್ರಾಗೆ ಖರ್ಚಾಗಿದ್ದು ಒಂದಿಷ್ಟು. ಉಳಿದ ದುಡ್ಡಿನಾಗೆ ಮಾತ್ರೆ ಯಾಕೆ ಕೊಡಲ್ಲ?"

ಅಷ್ಟರವರೆಗೆ ಸುಮ್ಮನಿದ್ದ ಹೆಂಡತಿ ತಲೆ ತಗ್ಗಿಸಿ ಹೇಳಿದರು: "ಮಾತ್ರೆ ಉಳೀಲಿ ಅಂತ ನಮ್ಮ ಯಜಮಾನ್ರು ದಿನ ಬಿಟ್ಟು ದಿನ ತಗೊಂತಾರೆ ಬುದ್ಧೀ. ನಾ ಹೇಳಿದ್ರೆ ಕೇಳಲ್ಲ."

ಈ ಮಾತನ್ನು ಕೇಳಿ ನಮಗೆ ಆತಂಕವಾಯಿತು. ಸ್ಟೆಂಟ್ ಅಳವಡಿಸಿದ ಮೇಲೆ ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಒಂದು ವರ್ಷದವರೆಗೆ, ಒಂದು ದಿನವೂ ತಪ್ಪಿಸದೆ ಸೇವಿಸಬೇಕು. ತಪ್ಪಿಸಿದರೆ ಅದೇ ಸ್ಟೆಂಟ್ ಮುಚ್ಚಿಹೋಗಿ ಮತ್ತೊಮ್ಮೆ ಹೃದಯಾಘಾತವಾಗುವ ಅಪಾಯವಿರುತ್ತದೆ. ಲಕ್ಷಾಂತರ ರೂಪಾಯಿಗಳ ಚಿಕಿತ್ಸೆಯನ್ನು ಉಚಿತವಾಗಿ ಪಡೆದ ಮನುಷ್ಯ ಕೆಲವು ನೂರು ರೂಪಾಯಿಗಳ ಮಾತ್ರೆಯನ್ನು ಉಳಿಸಲು ಹೋಗಿ ಆ ಚಿಕಿತ್ಸೆಯನ್ನೇ ವ್ಯರ್ಥಗೊಳಿಸಿಕೊಳ್ಳುವ ಸ್ಥಿತಿಗೆ ಬಂದಿದ್ದರು. ಇದು ಅವರ ಅಜ್ಞಾನವೆಂದು ನಾವು ತಳ್ಳಿಹಾಕಲಾರೆವು. ಅವರು ಕೇಳಿದ ಪ್ರಶ್ನೆ ನಮ್ಮ ದೇಶದ ಆರೋಗ್ಯ ವಿಮೆಯ ಮರ್ಮಕ್ಕೇ ಸಂಬಂಧಿಸಿದ ಪ್ರಶ್ನೆ. ಇಂತಹ ಪ್ರಶ್ನೆ ನಮ್ಮ ಭಕ್ತರಲ್ಲಿ ಅನೇಕರ ಮನೆಗಳಲ್ಲಿ ಇರುವುದರಿಂದ ಈ ಬಾರಿ ಅದನ್ನೇ ಕುರಿತು ಬರೆಯಬೇಕೆನಿಸಿತು.

ವಿಮೆ ಎಂಬುದು ಅನೇಕರು ಸ್ವಲ್ಪ ಸ್ವಲ್ಪ ಕೂಡಿಸಿಟ್ಟು, ಅವರಲ್ಲಿ ಆಪತ್ತಿಗೆ ಸಿಲುಕಿದವರಿಗೆ ಅದರಿಂದ ಕೊಡುವ ವ್ಯವಸ್ಥೆ. ಆದರೆ ಯಾವ ಆಪತ್ತಿಗೆ ಕೊಡಬೇಕು, ಯಾವುದಕ್ಕೆ ಕೂಡದು ಎಂಬ ಕರಾರನ್ನು ಮೊದಲೇ ಬರೆದಿಟ್ಟಿರುತ್ತಾರೆ. ನಮ್ಮಲ್ಲಿ ಪ್ರಚಲಿತವಿರುವ ಬಹುತೇಕ ಆರೋಗ್ಯ ವಿಮೆಗಳು, ಸರ್ಕಾರದ್ದಿರಲಿ ಖಾಸಗಿಯದಿರಲಿ, ಆಪತ್ತು ಎಂದು ಪರಿಗಣಿಸುವುದು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗುವುದನ್ನು. ಖಾಸಗಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 24 ಗಂಟೆಗಳ ಕಾಲ ದಾಖಲಾಗಿರಬೇಕೆಂಬ ನಿಯಮವಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರಿನ ಕಿಮೊಥೆರಪಿಯಂತಹ, ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗಳಿಗೆ ಮಾತ್ರ ಇದರಿಂದ ವಿನಾಯಿತಿ. ಸರಳವಾಗಿ ಹೇಳುವುದಾದರೆ ಈ ವಿಮೆ ಹಾಸಿಗೆಗೆ ಉಂಟು, ಕಾಯಿಲೆಗೆ ಇಲ್ಲ. ಕಾಯಿಲೆಯಾದರೋ ಹಾಸಿಗೆ ಹಿಡಿಯುವುದಕ್ಕೆ ವರ್ಷಗಳ ಮೊದಲೇ ಆರಂಭವಾಗಿ, ಹಾಸಿಗೆಯಿಂದ ಎದ್ದ ಮೇಲೂ ಜೊತೆಯಲ್ಲಿಯೇ ಇರುತ್ತದೆ.

ಹಾಸಿಗೆಯ ಹಿಂದುಮುಂದಿನ ಕೆಲವು ದಿನಗಳನ್ನು ವಿಮೆಯು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದು ನಿಜ. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ದಾಖಲಾಗುವ ಮೊದಲಿನ 3 ದಿನಗಳು ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಪರೀಕ್ಷೆ, ಔಷಧಗಳ ವೆಚ್ಚ ಸೇರಿರುತ್ತದೆ. ಎಲ್ಲ ವಿಮಾ ಕಂಪನಿಗಳೂ ಒಂದೇ ಬಗೆಯ ಕರಾರಿನಲ್ಲಿ ಮಾರಬೇಕೆಂದು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಇದು ಮೊದಲು 30 ದಿನ, ನಂತರ 60 ದಿನ. ನಮ್ಮ ರೈತನಿಗೆ ಹದಿನೈದು ದಿನಗಳು ಎಂದೋ ಕಳೆದಿದ್ದವು. ಹದಿನಾರನೆಯ ದಿನದಿಂದ ಆರಂಭವಾದದ್ದೇ ಎರಡನೆಯ ಚೀಲ.

ಎರಡನೆಯ ಚೀಲ ಸಣ್ಣ ಸಂಗತಿಯಲ್ಲ. ಕೇಂದ್ರ ಸರ್ಕಾರವೇ ಪ್ರಕಟಿಸುವ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಕೈಯಿಂದ ಕೊಡುತ್ತಿದ್ದ ಪಾಲು 2013-14ರಲ್ಲಿ ಶೇ. 64.2 ಇತ್ತು. 2021-22ರ ವೇಳೆಗೆ ಅದು ಶೇ. 39.4ಕ್ಕೆ ಇಳಿಯಿತು. ಈ ಇಳಿಕೆ ಸಂತೋಷದ ವಿಷಯವೇ. ಆದರೂ ನೂರರಲ್ಲಿ ನಲವತ್ತು ರೂಪಾಯಿ ಇಂದಿಗೂ ರೋಗಿಯ ಜೇಬಿನಿಂದಲೇ ಹೋಗುತ್ತಿದೆ ಎಂದಾಯಿತು. ಹೀಗೆ ಹೋಗುವ ಹಣದಲ್ಲಿ ಹೊರರೋಗಿ ಭೇಟಿ ಮತ್ತು ಔಷಧಗಳದ್ದೇ ದೊಡ್ಡ ಪಾಲು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆಗಳು ಹಳ್ಳಿಗಳಲ್ಲಿ ಮನೆಮಾತಾಗಿರುವ ಈ ಕಾಲದಲ್ಲಿ ಒಂದು ದೊಡ್ಡ ಬಿಲ್ಲು ಮುರಿಯದ ಮನೆಯನ್ನು ತಿಂಗಳು ತಿಂಗಳೂ ಬರುವ ಸಣ್ಣ ಚೀಟಿಗಳು ಸದ್ದಿಲ್ಲದೆ ಸವೆಸುತ್ತಿವೆ.

ಹಾಗೆಂದು ಕಾರ್ಡಿನ ಬೆಲೆಯನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ, ಅಂದರೆ 2017-18ರಲ್ಲಿ, ಹೆರಿಗೆಯನ್ನು ಬಿಟ್ಟು ಒಮ್ಮೆ ಆಸ್ಪತ್ರೆಗೆ ದಾಖಲಾದರೆ ತಗಲುವ ಸರಾಸರಿ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ ಎಂದು ಕಂಡುಬಂದಿತ್ತು. ಇದು ಸರಾಸರಿ ಮಾತ್ರ. ಹೃದಯ, ಮಿದುಳು, ಕ್ಯಾನ್ಸರಿನ ಚಿಕಿತ್ಸೆಗಳಿಗೆ ಇದರ ಹತ್ತು ಪಟ್ಟು ಆಗುವುದೂ ಉಂಟು. ಹೊಲ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದವರನ್ನು ನಾವು ಬಲ್ಲೆವು. ಅಂತಹ ಮನೆಗಳನ್ನು ಕಾಪಾಡಲೆಂದೇ ಈ ಯೋಜನೆಗಳು ಹುಟ್ಟಿದವು.

ಈ ವಿಷಯದಲ್ಲಿ ಕರ್ನಾಟಕವು ದೇಶಕ್ಕೆ ದಾರಿ ತೋರಿಸಿದ ನಾಡು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಮೂಲ ಕಲ್ಪನೆ ಹೃದಯತಜ್ಞರಾದ ಡಾ. ದೇವಿ ಶೆಟ್ಟಿಯವರದು. ಆಗ ಎಸ್.ಎಂ. ಕೃಷ್ಣರವರು ಮುಖ್ಯಮಂತ್ರಿಗಳಾಗಿದ್ದರು. ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರೆ ಶಸ್ತ್ರಚಿಕಿತ್ಸೆಯ ಖರ್ಚನ್ನು ಯೋಜನೆಯೇ ಭರಿಸುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. ಒಬ್ಬ ರೈತನಿಂದ ಆಗದ್ದು ಲಕ್ಷಾಂತರ ರೈತರ ಐದೈದು ರೂಪಾಯಿಗಳಿಂದ ಆಯಿತು. ಎಲ್ಲರೂ ತಂದು ಒಂದೆಡೆ ಹಾಕುವುದು, ಹಸಿದವನು ಅದರಿಂದ ಉಣ್ಣುವುದು ನಮಗೆ ಹೊಸ ಪಾಠವೇನೂ ಅಲ್ಲ. ದಾಸೋಹದ ಮನೆಯಲ್ಲಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ಆ ಯೋಜನೆಯಲ್ಲಿ ಇನ್ನೊಂದು ವಿವೇಕವೂ ಇತ್ತು. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಸದಸ್ಯರಿಗೆ ವೈದ್ಯರ ಹೊರರೋಗಿ ಸಲಹೆ ಉಚಿತವಾಗಿತ್ತು, ತಪಾಸಣೆಗಳಿಗೆ ರಿಯಾಯಿತಿಯಿತ್ತು. ಹಾಸಿಗೆಗಿಂತ ಮೊದಲು ಬಾಗಿಲು ಇರುತ್ತದೆ ಎಂಬುದನ್ನು ಅದನ್ನು ರೂಪಿಸಿದವರು ಅರಿತಿದ್ದರು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿ ಬಂಧುಗಳ ಒತ್ತಾಯದ ಮೇರೆಗೆ 2022-23ರಲ್ಲಿ ಅದನ್ನು ಮತ್ತೆ ಜಾರಿಗೊಳಿಸಲಾಯಿತು. ಮರುಜಾರಿಯಾದಾಗ ನಾಲ್ಕು ಜನರವರೆಗಿನ ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000 ರೂಪಾಯಿ, ಚಿಕಿತ್ಸಾ ವೆಚ್ಚದ ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಇದಕ್ಕೆ ಸಹಕಾರ ಸಂಘದ ಮೂಲಕವೇ, ಸರ್ಕಾರ ಗೊತ್ತುಪಡಿಸಿದ ಅವಧಿಯೊಳಗೇ ನೋಂದಾಯಿಸಬೇಕು, ವರ್ಷ ವರ್ಷವೂ ನವೀಕರಿಸಬೇಕು. ಕಾಯಿಲೆ ಬಂದ ಮೇಲೆ ಸಂಘದ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋದರೆ ಪ್ರಯೋಜನವಿಲ್ಲ.

ಇನ್ನು ರೈತ ದಂಪತಿಗಳ ಕೈಯಲ್ಲಿದ್ದ ಕಾರ್ಡು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯದು. ರಾಜ್ಯದ ಆರೋಗ್ಯ ಕರ್ನಾಟಕ 2018ರ ಮಾರ್ಚ್‌ನಲ್ಲಿ, ಕೇಂದ್ರದ ಯೋಜನೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ, ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. ಆದ್ಯತಾ ಪಡಿತರ ಚೀಟಿಯಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ. ಉಳಿದ ಕುಟುಂಬಗಳಿಗೆ ಸರ್ಕಾರ ನಿಗದಿಪಡಿಸಿದ ದರದ ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಈ ವ್ಯತ್ಯಾಸವನ್ನು ಅರಿಯದೆ "ಎಲ್ಲರಿಗೂ ಐದು ಲಕ್ಷ" ಎಂದು ನಂಬಿ ಆಸ್ಪತ್ರೆಗೆ ಹೋಗಿ ಪೇಚಿಗೆ ಸಿಲುಕಿದವರು ನಮ್ಮಲ್ಲಿ ಬಹಳ ಮಂದಿ.

ಈ ಐದು ಲಕ್ಷ ಯಾರ ಖಾತೆಯಲ್ಲೂ ಇರುವ ಹಣವಲ್ಲ. ಅದು ಒಂದು ಮಿತಿ. ಪ್ರತಿಯೊಂದು ಚಿಕಿತ್ಸೆಗೂ ಸರ್ಕಾರ ಒಂದು ದರವನ್ನು ನಿಗದಿಪಡಿಸಿದ್ದು, ಹಾಸಿಗೆ, ಶಸ್ತ್ರಚಿಕಿತ್ಸೆ, ಔಷಧ, ಊಟ ಎಲ್ಲವೂ ಅದರಲ್ಲೇ ಸೇರಿ, ಆ ಮೊತ್ತ ನೇರವಾಗಿ ಆಸ್ಪತ್ರೆಗೆ ಸಂದಾಯವಾಗುತ್ತದೆ. ಖರ್ಚಾಗದೆ ಉಳಿದದ್ದು ಮಾತ್ರೆಗೆ ಸಿಗುವುದಿಲ್ಲ. ನಮ್ಮ ರೈತನ ಪ್ರಶ್ನೆಗೆ ಕರಾರಿನ ಉತ್ತರ ಇಷ್ಟೇ. ಆದ್ಯತಾ ಕುಟುಂಬದ ರೋಗಿಯಿಂದ, ಯೋಜನೆಗೆ ಒಳಪಟ್ಟ ಚಿಕಿತ್ಸೆಗೆ, ನೋಂದಾಯಿತ ಆಸ್ಪತ್ರೆ ಪ್ರತ್ಯೇಕವಾಗಿ ಹಣ ಕೇಳುವಂತಿಲ್ಲ. ಕೇಳಿದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಬೇಕು. 14555 ಅಥವಾ 104ಕ್ಕೆ ಕರೆ ಮಾಡಬೇಕು. ಇನ್ನೊಂದು ಮಾತನ್ನು ಮನೆಯ ಹಿರಿಯರೆಲ್ಲ ನೆನಪಿಡಬೇಕು: ಹೃದಯಾಘಾತ, ಅಪಘಾತದಂತಹ ತುರ್ತು ಸಂದರ್ಭಗಳಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ತುರ್ತಲ್ಲದ ದೊಡ್ಡ ಚಿಕಿತ್ಸೆಗಳಿಗಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ದೊರೆಯದಿದ್ದಾಗ ಶಿಫಾರಸು ಪತ್ರ ಪಡೆದೇ ಮುಂದೆ ಹೋಗಬೇಕು. ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ಸೇರಿ, ಅನಂತರ ಪತ್ರಕ್ಕಾಗಿ ಓಡಾಡಿದವರ ಅಳಲನ್ನೂ ನಾವು ಕೇಳಿದ್ದೇವೆ.

ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ಯುವಕರದು ಮತ್ತೊಂದು ಬಗೆಯ ಪಾಡು. ಅವರು ಖಾಸಗಿ ಪಾಲಿಸಿ ಕೊಂಡಿರುತ್ತಾರೆ, ಕಂತನ್ನೂ ತಪ್ಪದೆ ಕಟ್ಟುತ್ತಾರೆ. ಕರಾರು ಪತ್ರವನ್ನು ಮಾತ್ರ ಓದಿರುವುದಿಲ್ಲ. ಅದರಲ್ಲಿರುವ ಒಂದು ಸಾಲು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಒಂದು ಲೆಕ್ಕವನ್ನು ನೋಡೋಣ. ಉದಾಹರಣೆಗೆ, ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ 5,000 ರೂಪಾಯಿ ಎಂದಿದೆ ಎನ್ನಿ. ತಾಯಿ ನೆಮ್ಮದಿಯಾಗಿರಲಿ ಎಂದು ಮಗ 10,000 ರೂಪಾಯಿಯ ಕೊಠಡಿ ಹಿಡಿಯುತ್ತಾನೆ. ನಾಲ್ಕು ದಿನಗಳ ಬಾಡಿಗೆ 40,000. ಶಸ್ತ್ರವೈದ್ಯರು, ಅರಿವಳಿಕೆ, ಶುಶ್ರೂಷೆ ಮುಂತಾದವು 1,20,000. ಔಷಧ, ಪರೀಕ್ಷೆಗಳು 60,000. ಒಟ್ಟು 2,20,000 ರೂಪಾಯಿ. ಹೆಚ್ಚುವರಿ ಬಾಡಿಗೆಯಾದ 20,000 ರೂಪಾಯಿಯನ್ನಷ್ಟೇ ತಾನು ಕೊಡಬೇಕೆಂದು ಮಗ ಭಾವಿಸಿರುತ್ತಾನೆ. ಕೊಠಡಿ ಅರ್ಹತೆಯ ಎರಡರಷ್ಟಾದ್ದರಿಂದ ಅದಕ್ಕೆ ಹೊಂದಿಕೊಂಡ ಶುಲ್ಕಗಳಲ್ಲೂ ಅರ್ಧವನ್ನು ಮಾತ್ರ ಕಂಪನಿ ಕೊಡುತ್ತದೆ. ಬಾಡಿಗೆಯಲ್ಲಿ 20,000, ವೈದ್ಯರ ಶುಲ್ಕದ ಬಾಬಿನಲ್ಲಿ 60,000, ಹೀಗೆ ಮಗನ ಕೈಯಿಂದ ಹೋಗುವುದು 80,000 ರೂಪಾಯಿ. ಔಷಧ, ಇಂಪ್ಲಾಂಟ್, ಪರೀಕ್ಷೆ ಮತ್ತು ತೀವ್ರ ನಿಗಾ ಘಟಕದ ಶುಲ್ಕಗಳಿಗೆ ಈ ಕಡಿತವನ್ನು ಅನ್ವಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ಅದು ಗೊತ್ತಿದ್ದವನು ಪ್ರಶ್ನಿಸುತ್ತಾನೆ, ಗೊತ್ತಿಲ್ಲದವನು ಕಟ್ಟಿಬರುತ್ತಾನೆ. ಆದುದರಿಂದ ದಾಖಲಾತಿಯ ಮೇಜಿನ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ, "ನಮ್ಮ ಪಾಲಿಸಿಗೆ ಯಾವ ಕೊಠಡಿ ಹೊಂದುತ್ತದೆ?" ಎಂಬುದು.

ಎರಡನೆಯದು ಸತ್ಯ ಹೇಳುವ ವಿಷಯ. ಪಾಲಿಸಿ ಕೊಳ್ಳುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದೆಯೇ ಎಂಬ ಪ್ರಶ್ನೆಗೆ ಏಜೆಂಟರು "ಇಲ್ಲ ಅಂತ ಬರೆಯಿರಿ, ಕಂತು ಕಡಿಮೆಯಾಗುತ್ತದೆ" ಎನ್ನುವುದುಂಟು. ಆ ಒಂದು ಸುಳ್ಳು ಮುಂದೆ ಕ್ಲೇಮಿನ ದಿನ ಎದುರು ನಿಲ್ಲುತ್ತದೆ. ನಿಜ ಹೇಳಿದರೆ ಆಗುವ ನಷ್ಟವಾದರೂ ಏನು? ಮೊದಲೇ ಇದ್ದ ಕಾಯಿಲೆಗೆ ಕೆಲವು ಕಾಲ ಕಾಯಬೇಕು, ಅಷ್ಟೇ. ಈ ಕಾಯುವ ಅವಧಿ 36 ತಿಂಗಳನ್ನು ಮೀರಬಾರದೆಂದು 2024ರಲ್ಲಿ ಪ್ರಾಧಿಕಾರವು ನಿಯಮ ಮಾಡಿದೆ. ಹಿಂದೆ ಅದು 48 ತಿಂಗಳಿತ್ತು. ಸತತವಾಗಿ 60 ತಿಂಗಳು ನವೀಕರಿಸಿದ ಪಾಲಿಸಿಯ ಕ್ಲೇಮನ್ನು, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕಂಪನಿ ತಿರಸ್ಕರಿಸುವಂತಿಲ್ಲ. ವಯಸ್ಸಾಯಿತೆಂಬ ಒಂದೇ ಕಾರಣದಿಂದ ಹಿರಿಯರಿಗೆ ಪಾಲಿಸಿ ನಿರಾಕರಿಸುವ ಪದ್ಧತಿಯೂ ಅದೇ ವರ್ಷ ಕೊನೆಗೊಂಡಿದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಇವೆಲ್ಲವೂ ಒಳ್ಳೆಯ ಹೆಜ್ಜೆಗಳು. ಆದರೆ ವಯಸ್ಸಿನೊಡನೆ ಏರುವ ಕಂತು ಇಂದಿಗೂ ನಿವೃತ್ತರ ಪಾಲಿಗೆ ಭಾರವಾಗಿಯೇ ಇದೆ. ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ, ಮಧ್ಯವಯಸ್ಸಿನಲ್ಲೇ ಪಾಲಿಸಿ ಮಾಡಿಸಿ, ಕಂತು ತಪ್ಪದಂತೆ ನೋಡಿಕೊಳ್ಳುವುದು ಲೇಸು.

ಮೂರನೆಯದು ಕ್ಯಾಶ್‌ಲೆಸ್ ಎಂಬ ಶಬ್ದ. ಅದರ ಅರ್ಥ ಉಚಿತವೆಂದಲ್ಲ. ಕರಾರಿಗೆ ಒಳಪಟ್ಟಷ್ಟನ್ನು ಕಂಪನಿಯು ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ, ಉಳಿದದ್ದು ನಮ್ಮದು. 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಸಮಯದ ಅಂತಿಮ ಕೋರಿಕೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಬಿಡುಗಡೆಯ ಉತ್ತರ ತಡವಾದ ಕಾರಣ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಹೊರಬೇಕು. ಕ್ಲೇಮು ತಿರಸ್ಕೃತವಾದಾಗ ಹಣೆಬರಹವೆಂದು ಸುಮ್ಮನಾಗಬಾರದು. ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಪ್ರಾಧಿಕಾರದ ಸಹಾಯವಾಣಿ 155255.

ಇಲ್ಲಿ ನಮ್ಮವರ ತಪ್ಪನ್ನೂ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಹಾಸಿಗೆಗೆ ಮಾತ್ರ ಹಣ ದೊರೆಯುವುದರಿಂದ "ಒಂದು ದಿನ ಅಡ್ಮಿಟ್ ಮಾಡಿಕೊಳ್ಳಿ ಡಾಕ್ಟ್ರೇ" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಹಾಗೆ ಮಾಡಿಕೊಡುವ ಆಸ್ಪತ್ರೆಗಳೂ ಇವೆ. ಬರಿಯ ತಪಾಸಣೆಗಾಗಿ ದಾಖಲಾದರೆ ಕ್ಲೇಮು ಇಲ್ಲವೆಂಬ ಷರತ್ತು ಪಾಲಿಸಿಗಳಲ್ಲಿ ಇದ್ದೇ ಇದೆ. ಆದ್ದರಿಂದ ಇಲ್ಲದ ಕಾಯಿಲೆಯನ್ನು ಕಾಗದದ ಮೇಲೆ ಬರೆಸಬೇಕಾಗುತ್ತದೆ. ಇದು ಕಂಪನಿಗೋ ಸರ್ಕಾರಕ್ಕೋ ಮಾಡಿದ ಮೋಸವೆಂದು ಕೆಲವರು ಜಂಬ ಪಡುವುದನ್ನೂ ಕಂಡಿದ್ದೇವೆ. ವಾಸ್ತವವಾಗಿ ಅದು ಅದೇ ಬೊಕ್ಕಸಕ್ಕೆ ಕಂತು ಕಟ್ಟಿದ ಪಕ್ಕದ ಮನೆಯವನಿಗೆ ಮಾಡಿದ ಮೋಸ. ಸುಳ್ಳು ಬಿಲ್ಲುಗಳು ಹೆಚ್ಚಿದಷ್ಟೂ ಮುಂದಿನ ವರ್ಷದ ಕಂತು ಏರುತ್ತದೆ, ಷರತ್ತುಗಳು ಬಿಗಿಯಾಗುತ್ತವೆ, ನಿಜವಾದ ರೋಗಿಯನ್ನೂ ಸಂಶಯದಿಂದ ನೋಡಲಾಗುತ್ತದೆ.

ಹಾಗಾದರೆ ಎರಡನೆಯ ಚೀಲಕ್ಕೆ ಪರಿಹಾರವೇನು? ಹೊರರೋಗಿ ಭೇಟಿಗಳಿಗೂ ವಿಮೆ ಮಾಡಿಸಿದರಾಯಿತೆಂದು ಕೆಲವರು ಹೇಳುತ್ತಾರೆ. ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನವಿರುವ ಕಾರ್ಮಿಕರಿಗೆ ಇ.ಎಸ್.ಐ. ಯೋಜನೆಯಲ್ಲಿ ಹೊರರೋಗಿ ಚಿಕಿತ್ಸೆ, ಔಷಧ ಎರಡೂ ಸಿಗುತ್ತವೆ. ಆದರೆ ಅದಕ್ಕಾಗಿ ಇ.ಎಸ್.ಐ. ತನ್ನದೇ ಚಿಕಿತ್ಸಾಲಯಗಳನ್ನು ನಡೆಸುತ್ತದೆ. ಕೋಟ್ಯಂತರ ಸಣ್ಣ ಚೀಟಿಗಳನ್ನು ಒಂದೊಂದಾಗಿ ಪರಿಶೀಲಿಸಿ ಹಣ ಮರಳಿಸುವುದು ಯಾವ ವಿಮೆಗೂ ಸುಲಭವಲ್ಲ. ಪ್ರತಿದಿನ ಬೇಕಾಗುವ ಮಾತ್ರೆಗೆ ವಿಮೆಗಿಂತ ಊರಿನ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ದೊರೆಯುವ ಉಚಿತ ಔಷಧವೇ ಸರಿಯಾದ ಉತ್ತರವೆಂಬುದು ನಮ್ಮ ಅಭಿಪ್ರಾಯ.

ಇದು ಸರ್ಕಾರಕ್ಕೆ ತಿಳಿಯದ ಸಂಗತಿಯಲ್ಲ. 2018ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್‌ಗೆ ಎರಡು ಕೈಗಳಿದ್ದವು. ಒಂದು, ಎಲ್ಲರಿಗೂ ಗೊತ್ತಿರುವ ಐದು ಲಕ್ಷದ ಕಾರ್ಡು. ಮತ್ತೊಂದು, ದೇಶದ ಒಂದೂವರೆ ಲಕ್ಷ ಉಪಕೇಂದ್ರಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕ್ಷೇಮ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಮತ್ತು ಔಷಧಗಳನ್ನು ಊರಿನಲ್ಲೇ ಉಚಿತವಾಗಿ ಒದಗಿಸುವುದು. ಇವನ್ನೇ ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಕರೆಯುತ್ತಾರೆ. ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಮೊದಲನೆಯ ಕೈ ಹಾಸಿಗೆಗೆ, ಎರಡನೆಯದು ಭೇಟಿಗಳಿಗೆ. ಕಾರ್ಡು ಹಂಚುವ ಸಮಾರಂಭಕ್ಕೆ ಜನಪ್ರತಿನಿಧಿಗಳು ಬರುತ್ತಾರೆ, ಭಾವಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಊರಿನ ಉಪಕೇಂದ್ರದಲ್ಲಿ ಈ ತಿಂಗಳು ಮಾತ್ರೆ ಬಂದಿದೆಯೇ ಎಂದು ಕೇಳುವವರು ವಿರಳ. ಗ್ರಾಮಸಭೆಯಲ್ಲಿ ಚರಂಡಿ, ರಸ್ತೆಗಳ ಜೊತೆಗೆ ಈ ಪ್ರಶ್ನೆಯನ್ನೂ ಪ್ರತಿ ಬಾರಿ ಎತ್ತಬೇಕು. ಕೇಳುವವರಿಲ್ಲದ ಕಪಾಟಿನಲ್ಲಿ ಮಾತ್ರೆ ಇರುವುದಿಲ್ಲ.

ಸಮಾಜವೂ ಕೈ ಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಊರಿನಲ್ಲಿ ಓದುಬರಹ ಬಲ್ಲ ಇಬ್ಬರು ಯುವಕ ಯುವತಿಯರು ಇದನ್ನೊಂದು ಕಾಯಕವೆಂದು ವಹಿಸಿಕೊಂಡರೆ ಸಾಕು. ಯಾರ ಮನೆಯಲ್ಲಿ ಯಾವ ಕಾರ್ಡಿದೆ, ಯಶಸ್ವಿನಿಯ ನವೀಕರಣ ಆಗಿದೆಯೇ, ಹತ್ತಿರದ ನೋಂದಾಯಿತ ಆಸ್ಪತ್ರೆ ಯಾವುದು, ಅಲ್ಲಿನ ಆರೋಗ್ಯಮಿತ್ರರ ದೂರವಾಣಿ ಸಂಖ್ಯೆ ಏನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ನಡುರಾತ್ರಿ ಎದೆನೋವು ಬಂದ ಮನೆಗೆ ಆ ಪುಸ್ತಕದ ಒಂದು ಪುಟ ಆಂಬ್ಯುಲೆನ್ಸಿನಷ್ಟೇ ಉಪಕಾರಿ. ಜಾತ್ರೆಗೆ, ಮದುವೆಗೆ ಧಾರಾಳವಾಗಿ ಖರ್ಚು ಮಾಡುವ ನಮ್ಮ ಬಂಧುಗಳು ಅದರಲ್ಲಿ ಅಲ್ಪಭಾಗವನ್ನು ಊರಿನ ಬಡ ರೋಗಿಗಳ ಮಾತ್ರೆಗಾಗಿ ಎತ್ತಿಟ್ಟರೆ ಅದೂ ದಾಸೋಹವೇ.

ಅಂದು ನಾವು ಆ ರೈತನಿಗೆ ಮಾತ್ರೆಗಳನ್ನು ಅಂದಿನಿಂದಲೇ ದಿನವೂ ತೆಗೆದುಕೊಳ್ಳುವಂತೆ ಕಟ್ಟುನಿಟ್ಟಾಗಿ ಹೇಳಿದೆವು. ಎರಡನೆಯ ಚೀಲವನ್ನು ಬಿಚ್ಚಿ ನೋಡಿದಾಗ ಒಂದು ಅಂಶ ಕಂಡುಬಂತು. ಅವರ ಏಳು ಮಾತ್ರೆಗಳಲ್ಲಿ ಎರಡು ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದವು; ಸರ್ಕಾರಿ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಅಂತಹವು ಉಚಿತವಾಗಿ ದೊರೆಯುತ್ತವೆ. ಉಳಿದವುಗಳಿಗೆ ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ಅದೇ ಔಷಧವನ್ನು ಕೊಂಡರೆ ಅರ್ಧಕ್ಕೂ ಕಡಿಮೆ ಬೆಲೆ. ಏಳು ತಿಂಗಳಲ್ಲಿ ಅವರಿಗೆ ಈ ಎರಡು ಮಾತುಗಳನ್ನು ಹೇಳುವವರು ಒಬ್ಬರೂ ಇರಲಿಲ್ಲ. ಒಂದು ವರ್ಷ ತುಂಬುವವರೆಗೆ ಕೊರತೆ ಬೀಳುವ ಹಣವನ್ನು ಮಠದಿಂದ ಕೊಡುವ ವ್ಯವಸ್ಥೆ ಮಾಡಿದೆವು. ಆದರೆ ಇಂತಹ ಎಲ್ಲ ಮನೆಗಳನ್ನೂ ಒಂದು ಮಠ ಮುಟ್ಟಲಾರದು; ಒಂದೊಂದು ಊರು ತನ್ನ ಊರನ್ನು ಮುಟ್ಟಬಲ್ಲದು.

ಆದುದರಿಂದ ಭಕ್ತರಲ್ಲಿ ನಮ್ಮ ಸೂಚನೆ ಇಷ್ಟು. ಮನೆಯವರೆಲ್ಲ ಆರೋಗ್ಯವಾಗಿರುವ ಒಂದು ಸಂಜೆ ಪೆಟ್ಟಿಗೆಯಿಂದ ಕಾರ್ಡು, ಪಾಲಿಸಿಗಳನ್ನು ಹೊರತೆಗೆಯಿರಿ. ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಅದು ಏನನ್ನು ಕೊಡುತ್ತದೆ ಎಂಬುದನ್ನು ಒಮ್ಮೆ ಕೇಳಿ, ಏನನ್ನು ಕೊಡುವುದಿಲ್ಲ ಎಂಬುದನ್ನು ಎರಡು ಬಾರಿ ಕೇಳಿ. ಅನಂತರ ಮನೆಯಲ್ಲಿ ಯಾರಾದರೂ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆಯೇ ಎಂದು ವಿಚಾರಿಸಿ. ಅವರಾಗಿಯೇ ಅದನ್ನು ಹೇಳುವುದಿಲ್ಲ.